ಮನೆಗೊಂದು ಹುಟ್ಟು

ಸ್ಟೆನ್‌ವಿಕ್
27 ಏಪ್ರಿಲ್ 2025

ಅಣ್ಣಯ್ಯ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತುತ್ತಿದ್ದ ಕಾಲದಲ್ಲೂ ನಾವಿಬ್ಬರೂ ಎರಡನೆಯ ಮಾತಿಗೇ ದನಿ ಏರಿಸುತ್ತಿದ್ದೆವು. ಕಾಗದಕ್ಕೆ ಆ ಸೌಕರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತಿಗೆಯ ಹೆಸರಿಗೆ ಹಾಕಿದ್ದರೆ ಅವರಾದರೂ ಖಂಡಿತ ಒಡೆದು ಓದುತ್ತಿದ್ದರು. ಆದರೂ ನಿನ್ನ ಹೆಸರಿಗೇ ಹಾಕಿದ್ದೇನೆ.

ನಾನು ಮನೆ ಬದಲಿಸಿದ್ದೇನೆ. ಸ್ಟಾಕ್‌ಹೋಮಿನ ಫ್ಲಾಟು ಬಿಟ್ಟು ಉತ್ತರಕ್ಕೆ, ನೋರ್‌ತೆಲ್ಯೆ ಪೇಟೆಯನ್ನೂ ದಾಟಿ, ಸಮುದ್ರದ ದಂಡೆಯ ಒಂದು ಊರಿಗೆ ಬಂದಿದ್ದೇನೆ. ಕೆಂಪು ಬಣ್ಣದ ಸಣ್ಣ ಮರದ ಮನೆ. ವಾರಕ್ಕೆರಡು ದಿನ ಬಸ್ಸು ಹತ್ತಿ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಅಡುಗೆಮನೆಯ ಮೇಜೇ ಆಫೀಸು. ಕಿಟಕಿಯಿಂದ ನೀರು ಕಾಣುತ್ತದೆ. ನಮ್ಮೂರಿನ ಸಮುದ್ರದ ಹಾಗೆ ಇದಕ್ಕೆ ಗರ್ಜನೆಯಿಲ್ಲ, ಉಪ್ಪೂ ಕಡಿಮೆ. ಆದರೂ ನೀರು.

ಬರೆಯಲು ಕಾರಣ ಅದಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಈ ದೇಶದಲ್ಲಿ ಮುಂಚೆ ತಿಳಿಸದೆ ಯಾರೂ ಬಾಗಿಲು ತಟ್ಟುವುದಿಲ್ಲ ಎಂಬುದು ನಿನಗೂ ಗೊತ್ತು. ನೋಡಿದರೆ ಪಕ್ಕದ ಮನೆಯ ಲೆನ್ನಾರ್ಟ್, ಎಪ್ಪತ್ತು ದಾಟಿದ ಮುದುಕ, ಜೀವಮಾನವಿಡೀ ತೆರಿಗೆ ಕಚೇರಿಯಲ್ಲಿದ್ದು ನಿವೃತ್ತನಾದವನು. ಅವನ ಹಿಂದೆ ಬಿರ್ಗಿಟ್ಟಾ ಎಂಬ ಗಟ್ಟಿಮುಟ್ಟಾದ ಹೆಂಗಸು, ಶಾಲೆಯಲ್ಲಿ ಆಟದ ಟೀಚರು. ನನ್ನ ಮನೆಯಿಂದ ಒಂದು ತೆರಿಗೆ ಬರಬೇಕಾಗಿದೆ ಎಂದರು. ಕಸದ ಶುಲ್ಕವಿರಬೇಕು ಎಂದುಕೊಂಡು ನಾನು ನನ್ನ ಗುರುತಿನ ಸಂಖ್ಯೆ, ಪರ್ಸನ್‌ನಮ್ಮರ್, ಹೇಳತೊಡಗಿದೆ. ಲೆನ್ನಾರ್ಟ್ ಕೈ ಅಡ್ಡ ಹಿಡಿದ.

"ನಂಬರ್ ಬೇಡ. ನಿಮ್ಮ ತೋಳು ತೋರಿಸಿ."

ಸಂಗತಿ ಹೀಗಿದೆ. ಏಳೆಂಟು ನೂರು ವರ್ಷಗಳ ಹಿಂದೆ ಈ ದಂಡೆಯನ್ನು ಕಾಯಲು ದೊರೆಗೆ ಸ್ವಂತ ನೌಕಾಪಡೆ ಅಂತ ಇರಲಿಲ್ಲ. ದಂಡೆಯ ಊರುಗಳನ್ನು ಹಡಗಿನ ಲೆಕ್ಕದಲ್ಲಿ ಹಂಚಿಬಿಟ್ಟಿದ್ದರು. ಇಷ್ಟು ಊರು ಸೇರಿ ಒಂದು ಹಡಗು. ಹಡಗಿನ ಒಂದೊಂದು ಹುಟ್ಟಿಗೆ ಕೆಲವು ಮನೆಗಳ ಒಂದು ಗುಂಪು. ಗುಂಪಿಗೆ ಹಮ್ನಾ ಎಂದು ಹೆಸರು. ಗುಡ್ಡದ ಮೇಲೆ ಬೆಂಕಿ ಕಂಡರೆ ಪ್ರತಿ ಹಮ್ನಾ ಒಬ್ಬ ಆಳನ್ನು, ಅವನ ಊಟದ ಗಂಟಿನ ಸಮೇತ, ದಂಡೆಗೆ ಕಳಿಸಬೇಕು. ಈ ಏರ್ಪಾಟಿಗೆ ಲೆಡುಂಗ್ ಎನ್ನುತ್ತಾರೆ. ದೊರೆ ಹಡಗು ಕರೆಯದ ವರ್ಷ ಆಳಿನ ಬದಲು ಬೆಣ್ಣೆ, ಧಾನ್ಯ. ಬರಬರುತ್ತ ದೊರೆಗೆ ಆಳಿಗಿಂತ ಬೆಣ್ಣೆಯೇ ರುಚಿಸಿತು. ಹಡಗು ಹೋಯಿತು, ತೆರಿಗೆ ಉಳಿಯಿತು. ಲೆನ್ನಾರ್ಟ್ ಇದನ್ನೆಲ್ಲ ನನ್ನ ಬಾಗಿಲಲ್ಲೇ ನಿಂತು, ನಿನ್ನೆ ನಡೆದ ಸಂಗತಿಯ ಹಾಗೆ ಹೇಳಿದ.

ಈ ಊರಿನವರು ಅದನ್ನು ಆಟವಾಗಿ ಮತ್ತೆ ಶುರುಮಾಡಿದ್ದಾರೆ. ಹಳೆಯ ಮಾದರಿಯಲ್ಲಿ ಹನ್ನೆರಡು ಹುಟ್ಟಿನ ಒಂದು ದೋಣಿ ಕಟ್ಟಿಕೊಂಡಿದ್ದಾರೆ. ಮನೆಗಳನ್ನು ಹಮ್ನಾಗಳಾಗಿ ಹಂಚಿಕೊಂಡಿದ್ದಾರೆ. ಒಂದು ಹಮ್ನಾಕ್ಕೆ ಒಂದು ಬೆಂಚು, ಬೆಂಚಿಗೆ ಇಬ್ಬರು, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ಪ್ರತಿ ಆಗಸ್ಟಿನಲ್ಲಿ ಗುಡ್ಡದ ಮೇಲೆ ಬೆಂಕಿ ಹಚ್ಚಿ, ನೆರೆಯೂರಿನ ದೋಣಿಯ ಜೊತೆ ಪಂದ್ಯ. ಬಾರದ ಮನೆಯವರು ಬೆಣ್ಣೆಯ ಬದಲಿಗೆ ಇಡೀ ದೋಣಿಗೆ ಫೀಕಾ ಕೊಡಬೇಕು: ಕಾಫಿ, ಏಲಕ್ಕಿ ಬನ್ನು, ಕೇಕು. ನನ್ನ ಮನೆಯಲ್ಲಿ ಹಿಂದೆ ಇದ್ದವರು ಯಾವಾಗಲೂ ಫೀಕಾ ಕೊಟ್ಟು ಮುಗಿಸುತ್ತಿದ್ದರಂತೆ. ನೀವೂ ಹಾಗೆ ಮಾಡಬಹುದು, ನಿಮ್ಮ ದೇಶದ ತಿಂಡಿಯಾದರೆ ಇನ್ನೂ ಚೆನ್ನ ಎಂದಳು ಬಿರ್ಗಿಟ್ಟಾ.

ನಾನು ಸ್ವೆಟರಿನ ತೋಳು ಮೇಲಕ್ಕೆ ಸರಿಸಿದೆ.

ನಿನಗೆ ನೆನಪಿದೆಯೋ ಇಲ್ಲವೋ, ಗಂಗೊಳ್ಳಿಯಲ್ಲಿ ನನ್ನ ಗಡಿ ಮೊಣಕಾಲು ನೀರು. ಅಪ್ಪಯ್ಯ ಮೀನಿಗೆ ಹೋಗುವ ಪಾತಿದೋಣಿಯನ್ನು ನೀರಿಗೆ ದೂಡಲು ನಾನು ಬೇಕಿತ್ತು. ನೀರು ಮೊಣಕಾಲಿಗೆ ಬಂತೋ, "ಸಾಕ್, ಮನಿಗ್ ಹೋಗ್ ಹೆಣೇ." ಅಲ್ಲಿಂದ ಆಚೆಗೆ ಅಪ್ಪಯ್ಯ ಮತ್ತು ನೀನು. ಈಗ ನನಗೆ ನಲವತ್ತಾರು ವರ್ಷ. ಇಲ್ಲಿಯವರೆಗೆ ಹಡಗು ಹತ್ತಿದ್ದೇನೆ, ಲಾಂಚು ಹತ್ತಿದ್ದೇನೆ. ಹುಟ್ಟು ಮುಟ್ಟಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ.

ದಂಡೆಯಿಂದ,
ಗೀತಾ


ಸ್ಟೆನ್‌ವಿಕ್
19 ಮೇ 2025

ಅಣ್ಣಯ್ಯ,

ಉತ್ತರ ಬರಲಿಲ್ಲ. ಸರಿ. ನನಗೆ ಹೇಳಬೇಕಾದ್ದು ಇದ್ದೇ ಇದೆ.

ನಿನ್ನೆ ಮೊದಲ ಅಭ್ಯಾಸ. ನಾನು ಬೇಗನೆ ಹೋಗಿ ದೋಣಿಯ ಬಳಿ ನಿಂತಿದ್ದೆ. ಟಾರಿನ ವಾಸನೆ. ಕಣ್ಣು ಮುಚ್ಚಿಕೊಂಡಿದ್ದರೆ ನಮ್ಮ ಬಂದರೇ. ದೋಣಿ ನಿಲ್ಲುವ ಧಕ್ಕೆಯ ಹಲಗೆಯಿಂದ ಒಳಗೆ ಕಾಲಿಟ್ಟಾಗ ಅದು ನನ್ನ ಭಾರಕ್ಕೆ ಒಂದಿಷ್ಟೇ ವಾಲಿ ಮತ್ತೆ ನೆಟ್ಟಗಾಯಿತು. ಅದನ್ನು ಹೇಗೆ ಬರೆಯಲಿ? ಯಾರೋ ಸರಿದು ಜಾಗ ಕೊಟ್ಟ ಹಾಗಿತ್ತು.

ಆಮೇಲೆ ನಾನು ಮಾಡಿದ್ದು ಕೇಳು. ಬೆಂಚಿನ ಮೇಲೆ ಕೂತೆ, ಹುಟ್ಟು ಹಿಡಿದೆ, ಸಿದ್ಧಳಾದೆ. ನೋಡುತ್ತೇನೆ, ಎದುರಿನ ಮೂರು ಬೆಂಚುಗಳ ಆರು ಜನ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಯಾಕೆ ಹೀಗೆ ನನ್ನ ಕಡೆ ತಿರುಗಿ ಕೂತಿದ್ದಾರೆ, ಹೊಸಬಳಿಗೆ ಇದೊಂದು ಮರ್ಯಾದೆಯೋ ಎಂದುಕೊಂಡೆ. ನಾನೂ ನಕ್ಕು ತಲೆಯಾಡಿಸಿದೆ. ಹಿಂದಿನಿಂದ, ಚುಕ್ಕಾಣಿಯ ಬಳಿಯಿಂದ, ಬಿರ್ಗಿಟ್ಟಾಳ ದನಿ ಬಂತು:

"ಗೀತಾ, ನೀನು ನಮ್ಮನ್ನೆಲ್ಲ ವಾಪಸು ಕರೆದುಕೊಂಡು ಹೋಗುತ್ತಿದ್ದೀಯಾ?"

ಅಣ್ಣಯ್ಯ, ಇವರು ಹೋಗುವ ಕಡೆಗೆ ಬೆನ್ನು ಹಾಕಿ ಕೂರುತ್ತಾರೆ! ನಮ್ಮ ಪಾತಿಯಲ್ಲಿ ಮುಂದಕ್ಕೆ ನೋಡುತ್ತ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದರು. ನಾನು ಸಂಜೆ ಹೊತ್ತು ಮರಳಿನ ಮೇಲೆ ಕೂತು ಬೇರೆಯವರ ದೋಣಿಗಳನ್ನು ಎಷ್ಟೋ ವರ್ಷ ನೋಡಿ ಕಂಠಪಾಠ ಮಾಡಿದ್ದು ಅದನ್ನೇ. ಇಲ್ಲಿ ಬಿಟ್ಟುಬಂದ ದಂಡೆಯನ್ನು ನೋಡುತ್ತ ಹುಟ್ಟನ್ನು ಎದೆಗೆ ಎಳೆದುಕೊಳ್ಳಬೇಕು. ಮುಂದೇನಿದೆ ಎಂಬುದು ಬಿರ್ಗಿಟ್ಟಾಳಿಗೆ ಮಾತ್ರ ಗೊತ್ತು. ಉಳಿದವರದು ನಂಬಿಕೆ.

ಎದ್ದು ತಿರುಗಿ ಕೂತೆ. ಪಕ್ಕದ ಹುಟ್ಟು ಲೆನ್ನಾರ್ಟನದು. ನಲವತ್ತು ವರ್ಷ ಊರಿನವರ ತೆರಿಗೆಯನ್ನೆಲ್ಲ ತಾನೇ ನೋಡಿದ್ದಾನಂತೆ. "ಅಂಡು ಸವೆಸಿ ಕಟ್ಟುವ ತೆರಿಗೆ ಇದೊಂದೇ" ಎಂದ.

ಅಂಗೈಯಲ್ಲಿ ಗುಳ್ಳೆ ಎದ್ದಿವೆ. ಕೀಬೋರ್ಡು ಮುಟ್ಟಿದರೆ ಉರಿ. ಇವತ್ತು ಮೀಟಿಂಗಿನಲ್ಲಿ ಯಾಕೆ ನಗುತ್ತಿದ್ದೀಯ ಎಂದು ಮ್ಯಾನೇಜರ್ ಕೇಳಿದ. ನನಗೆ ಗೊತ್ತೇ ಆಗಿರಲಿಲ್ಲ.

ಗುಳ್ಳೆ ಕೈಯವಳು,
ಗೀತಾ


ವೆಸ್ಟೆರಾಸ್
2 ಜೂನ್ 2025

ಗೀತಾ,

ನಿನ್ನ ಎರಡು ಕಾಗದಗಳು ಬಂದಿವೆ. ನಿನ್ನ ಅತ್ತಿಗೆ ರಾಜಲಕ್ಷ್ಮಿ ಅವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನೀರು ಕುಡಿಯಲು ಹೋದಾಗಲೆಲ್ಲ ಕಾಣುತ್ತವೆ. ಆದ್ದರಿಂದ ಈ ಉತ್ತರ.

ನನ್ನ ಸಲಹೆ: ಫೀಕಾ ಕೊಡು. ಅದಕ್ಕೆಂದೇ ಆ ನಿಯಮ ಇಟ್ಟಿದ್ದಾರೆ. ಏಳು ನೂರು ವರ್ಷಗಳ ಹಿಂದೆಯೇ ಜನ ಹುಟ್ಟು ಬಿಟ್ಟು ಬೆಣ್ಣೆಗೆ ಒಪ್ಪಿಕೊಂಡರು ಎಂದರೆ ಕಾರಣವಿರಬೇಕು. ನಲವತ್ತಾರರಲ್ಲಿ ಭುಜ ಒಮ್ಮೆ ಕೆಟ್ಟರೆ ಸುಲಭಕ್ಕೆ ಸರಿಹೋಗುವುದಿಲ್ಲ. ನಾನು ಊರಿನ ದೇವಸ್ಥಾನಕ್ಕೆ ಪ್ರತಿ ವರ್ಷ ಕಳಿಸಬೇಕಾದ್ದನ್ನು ಕಳಿಸುತ್ತೇನೆ, ಹೋಗುವುದಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ.

ಗುಳ್ಳೆಯನ್ನು ಒಡೆಯಬೇಡ. ಬಟ್ಟೆಯ ಪಟ್ಟಿ ಸುತ್ತು, ಪ್ಲಾಸ್ಟಿಕ್ ಪಟ್ಟಿ ಬೇಡ. ಹಿಡಿತ ಸಡಿಲವಾಗಿರಲಿ, ಗಟ್ಟಿ ಹಿಡಿದಷ್ಟೂ ಚರ್ಮ ಸುಲಿಯುತ್ತದೆ. ಎಳೆಯುವುದು ತೋಳಿನಿಂದಲ್ಲ, ಕಾಲಿನಿಂದ. ಇದು ಯಂತ್ರಶಾಸ್ತ್ರ, ಇದಕ್ಕೆ ದೋಣಿ ಹತ್ತಿರಬೇಕಾಗಿಲ್ಲ.

ನಾವು ಕ್ಷೇಮ. ಅನ್ಯಾಳಿಗೆ ಬೇಸಿಗೆ ರಜೆ ಶುರುವಾಗುವುದರಲ್ಲಿದೆ. ನಿನ್ನ ಕಾಗದವನ್ನು ಮಗಳಿಗೆ ಅವಳ ಅಮ್ಮ ಓದಿ ಹೇಳಿದಳು. ತಿರುಗಿ ಕೂತ ಭಾಗವನ್ನು ಮತ್ತೊಮ್ಮೆ ಓದಿಸಿಕೊಂಡಳು.

ಹುಟ್ಟಿನ ಉದ್ದ ಎಷ್ಟು?

ಶಿವಪ್ರಸಾದ


ಸ್ಟೆನ್‌ವಿಕ್
24 ಜೂನ್ 2025

ಅಣ್ಣಯ್ಯ,

ನಾಲ್ಕು ಮೀಟರಿಗೆ ತುಸು ಕಡಿಮೆ. ದೇವದಾರು ಮರದ್ದು. ನೀನು ಕೇಳಿದ್ದು ಓದಿ ನಾನು ಧಕ್ಕೆಯವರೆಗೆ ಓಡಿಹೋಗಿ ಅಳೆದೆ.

ಕಾಲಿನಿಂದ ಎಳೆದೆ. ನೀನು ಹೇಳಿದ್ದು ಸರಿ. ಬಿರ್ಗಿಟ್ಟಾ ಮೊದಲ ಸಲ ನನ್ನ ಹೆಸರು ಕೂಗದೆ ಇಡೀ ಅಭ್ಯಾಸ ಮುಗಿಸಿದಳು. ಹನ್ನೆರಡು ಹುಟ್ಟು ಒಟ್ಟಿಗೆ ನೀರಿಗೆ ಬಿದ್ದಾಗ ಒಂದೇ ಒಂದು ಸದ್ದು ಕೇಳುತ್ತದೆ. ಆಮೇಲೆ ದೋಣಿಯ ಅಡಿಯಲ್ಲಿ ನೀರು ಉಜ್ಜಿಕೊಂಡು ಹೋಗುವ ಸದ್ದು. ನಡುವೆ ಒಂದು ಚೂರು ಹೊತ್ತು ಯಾರದೂ ಉಸಿರಿಲ್ಲ. ಅಷ್ಟು ಹೊತ್ತಿನಲ್ಲಿ ನಾನು ಯಾರೆಂಬುದು ನನಗೆ ಮರೆತಿರುತ್ತದೆ. ಮಿಡ್‌ಸಮ್ಮರಿನ ಸಂಜೆ ಎಲ್ಲರೂ ಹೂವಿನ ಕಂಬದ ಸುತ್ತ ಕುಣಿಯುವಾಗ ನಾವು ಕೆಲವರು ತಪ್ಪಿಸಿಕೊಂಡು ದೋಣಿ ತೆಗೆದೆವು. ಸೂರ್ಯ ಮುಳುಗುವ ಮನಸ್ಸೇ ಮಾಡಲಿಲ್ಲ.

ಈಗ ಹೇಳಬೇಕಾದ್ದು. ಫೀಕಾ ಕೊಡು ಎಂದು ಬರೆದೆಯಲ್ಲ, ಅದರಿಂದ ನನಗೆ ನೋವಾಯಿತು. ನೀನು ಎಲ್ಲದಕ್ಕೂ ಫೀಕಾ ಕೊಟ್ಟು ಕೈತೊಳೆದುಕೊಂಡವನು.

ಎರಡು ವರ್ಷದ ಹಿಂದೆ ನಿಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಶೇಷಾದ್ರಿಯವರು ನಿನ್ನನ್ನು ಕೇಳಿದ್ದು, "ನಿಮ್ ತಂದೆ ಏನ್ ಮಾಡ್ತಿದ್ರು ಸಾರ್?" ನೀನು ಬೆಂಗಳೂರಿನವರ ಕನ್ನಡದಲ್ಲಿ, "ಶಿಪ್ಪಿಂಗ್‌ನಲ್ಲಿದ್ರು" ಎಂದೆ. ನಾನು ಒಬ್ಬಟ್ಟು ಬಡಿಸುತ್ತಿದ್ದವಳು ಅಲ್ಲೇ ನಿಂತು, "ಎಂತ ಶಿಪ್ಪಿಂಗ್ ಅಣ್ಣಯ್ಯ, ಪಾತಿದೋಣಿ ಅಲ್ದಾ?" ಎಂದೆ. ಎಲ್ಲರೂ ನಕ್ಕರು. ನೀನು ಅವತ್ತಿನಿಂದ ನನ್ನ ಫೋನು ಎತ್ತಿಲ್ಲ.

ನಾನು ಅಂದದ್ದು ನಗಿಸಲಿಕ್ಕಲ್ಲ. ನನಗೆ ಸಿಟ್ಟು ಬಂದಿತ್ತು. ಅಪ್ಪಯ್ಯ ಆ ದೋಣಿಯಲ್ಲಿ ನಿನಗೊಂದು ಜಾಗ ಕೊಟ್ಟಿದ್ದ. ಅವನ ಹಿಂದೆ ನೀನು ಹುಟ್ಟು ಹೆಗಲ ಮೇಲಿಟ್ಟುಕೊಂಡು ಮನೆಗೆ ಬರುವುದನ್ನು ನಾನು ಪಾಗಾರದ ಗೋಡೆಯ ಮೇಲೆ ಕೂತು ದಿನಾ ನೋಡುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ನನಗೆ ಸಿಗದ ಜಾಗ ನಿನಗೆ ಸುಮ್ಮನೆ ಸಿಕ್ಕಿತ್ತು, ನೀನು ಅದಕ್ಕೆ ಶಿಪ್ಪಿಂಗ್ ಎಂದು ಹೆಸರಿಟ್ಟು ನಾಚಿಕೊಂಡೆ.

ಈಗ ಬರೆದಾಯಿತು. ಹರಿದು ಹಾಕುವುದಿಲ್ಲ. ಅಂಚೆಗೆ ಹಾಕುತ್ತಿದ್ದೇನೆ.

ಗೀತಾ


ವೆಸ್ಟೆರಾಸ್
13 ಜುಲೈ 2025

ಗೀತಾ,

ಆಫೀಸಿಗೆ ರಜೆ. ಊರು ಖಾಲಿ. ನಿನ್ನ ಕಾಗದವನ್ನು ಫ್ರಿಜ್ಜಿಗೆ ಅಂಟಿಸಲು ನಾನು ಬಿಡಲಿಲ್ಲ.

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ಅದನ್ನು ತಿದ್ದಬೇಕು, ಬೇರೇನೂ ಉದ್ದೇಶವಿಲ್ಲ.

ನಾನು ಆ ದೋಣಿಯಲ್ಲಿ ಹೋದದ್ದು ಮೂರು ಬೆಳಿಗ್ಗೆ. ಆಗ ನನಗೆ ಹತ್ತು ವರ್ಷ. ಮೊದಲ ದಿನ ಅಳಿವೆ ದಾಟಿ ಸಮುದ್ರಕ್ಕೆ ಇಳಿಯುವಾಗ ವಾಂತಿಯಾಯಿತು. ಎಲ್ಲರಿಗೂ ಆಗುತ್ತದೆ ಎಂದು ಅಪ್ಪಯ್ಯ ನಕ್ಕ. ಎರಡನೆಯ ದಿನವೂ ಆಯಿತು, ಅವನು ನಗಲಿಲ್ಲ. ಮೂರನೆಯ ದಿನ ನಾನು ದೋಣಿಯ ತಳದಲ್ಲಿ ಮುಖ ಕೆಳಗೆ ಮಾಡಿ ಮಲಗಿದೆ. ಅಪ್ಪಯ್ಯ ಬಲೆ ಹಾಕದೆ ದೋಣಿ ತಿರುಗಿಸಿದ. ನನ್ನನ್ನು ಎತ್ತಿ ಮೊಣಕಾಲು ನೀರಿನಲ್ಲಿ ಇಳಿಸಿದ. ನನಗೇನೂ ಹೇಳಲಿಲ್ಲ. ಪಕ್ಕದ ದೋಣಿಯವರಿಗೆ ಹೇಳಿದ: "ಇವ್ನ ಕೈಯಂಗ್ ಆಪ್ದಲ್ಲ. ಓದ್ಲಿ."

ಆ ಮೂರು ದಿನದ ಮೇಲೂ ನಾನು ಬೆಳಿಗ್ಗೆ ದೋಣಿ ಹತ್ತುತ್ತಿದ್ದೆ. ನೀನು ದೋಣಿ ದೂಡಿ ಆದ ಮೇಲೆ ತಿರುಗಿ ನೋಡದೆ ಮನೆಗೆ ಓಡುತ್ತಿದ್ದೆ. ಸಿಟ್ಟಿಗೆ, ಎಂದು ಈಗ ತಿಳಿಯಿತು. ಅದು ನನಗೆ ಅನುಕೂಲವಾಗಿತ್ತು. ನೀನು ಕಣ್ಮರೆಯಾದ ಕೂಡಲೇ ನಾನು ಇಳಿದು, ಬಲೆ ಇಡುವ ಗುಡಿಸಲಿನ ಹಿಂದೆ ಹೋಗಿ ಕೂರುತ್ತಿದ್ದೆ. ಪಾಠಪುಸ್ತಕ ಅಲ್ಲಿಯೇ ಇಟ್ಟಿರುತ್ತಿದ್ದೆ. ದೋಣಿ ಬಂದಾಗ ಎದ್ದು ಹೋಗುತ್ತಿದ್ದೆ. ಅಪ್ಪಯ್ಯ ಒಂದೂ ಮಾತಾಡದೆ ಹುಟ್ಟನ್ನು ನನ್ನ ಹೆಗಲಿಗೆ ಕೊಡುತ್ತಿದ್ದ. ಅದನ್ನು ಹೊತ್ತುಕೊಂಡು ನಾನು ಅವನ ಹಿಂದೆ ಬರುತ್ತಿದ್ದೆ. ನಿನಗೆ ಕಂಡದ್ದು ಅದು.

ಅವನು ಯಾಕೆ ಹಾಗೆ ಮಾಡಿದ ಎಂದು ಕೇಳಬೇಕಿತ್ತು. ಹಾಸ್ಟೆಲಿಗೆ ಹೋಗುವ ದಿನದವರೆಗೂ ಇದು ನಡೆಯಿತು. ಆಮೇಲೆ ಕೇಳುವ ಸಂದರ್ಭ ಬರಲಿಲ್ಲ. ಈಗ ಕೇಳಲು ಅವನಿಲ್ಲ.

ಶೇಷಾದ್ರಿಯವರಿಗೆ, ಅಪ್ಪಯ್ಯ ಮೀನು ಹಿಡಿಯುತ್ತಿದ್ದರು ಎಂದು ಹೇಳುವುದರಲ್ಲಿ ನನಗೆ ನಾಚಿಕೆಯಿಲ್ಲ. ಹಾಗೆಂದರೆ ಎಲ್ಲರೂ ಕೇಳುವ ಮುಂದಿನ ಪ್ರಶ್ನೆ ಒಂದೇ: "ಓ, ನೀವೂ ಜೊತೆಗೆ ಹೋಗ್ತಿದ್ರಾ?" ಶಿಪ್ಪಿಂಗ್ ಎಂದರೆ ಆ ಪ್ರಶ್ನೆ ಬರುವುದಿಲ್ಲ.

ಹಿಡಿತದ ಬಗ್ಗೆ ಬರೆದೆನಲ್ಲ, ಅದು ಯಂತ್ರಶಾಸ್ತ್ರವಲ್ಲ. ಮೊದಲ ದಿನ ಅಪ್ಪಯ್ಯ ಹೇಳಿಕೊಟ್ಟದ್ದು.

ಶಿವಪ್ರಸಾದ


ಸ್ಟೆನ್‌ವಿಕ್
5 ಆಗಸ್ಟ್ 2025

ಅಣ್ಣಯ್ಯ,

ನಿನ್ನ ಕಾಗದಕ್ಕೆ ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಅದರ ಬಗ್ಗೆ ಬರೆಯುವುದಿಲ್ಲ. ಬರೆದರೆ ನಾನು ಮತ್ತೇನಾದರೂ ಅಂದುಬಿಡುತ್ತೇನೆ. ಪಾಗಾರದ ಮೇಲೆ ಕೂತ ಆ ಹುಡುಗಿ ಈಗ ಇಳಿದಿದ್ದಾಳೆ, ಅಷ್ಟು ತಿಳಿದುಕೋ.

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ಲೆನ್ನಾರ್ಟನ ಭುಜ ಹೋಯಿತು. ಬಲೆಯಲ್ಲಿ ಸಿಕ್ಕಿದ ಮೀನಿನ ಹಾಗೆ ನೋವು ಒದ್ದಾಡುತ್ತದೆ ಎನ್ನುತ್ತಾನೆ. ಡಾಕ್ಟರು ಹುಟ್ಟು ಮುಟ್ಟಬಾರದು ಎಂದಿದ್ದಾರೆ. ನಮ್ಮ ಹಮ್ನಾದ ಮೂರನೆಯ ಮನೆ ಬೀಗ ಹಾಕಿದೆ, ಅವರು ಸ್ಪೇನಿನಲ್ಲಿದ್ದಾರೆ. ಹಾಗಾಗಿ ನನ್ನ ಪಕ್ಕದ ಹುಟ್ಟು ಖಾಲಿ.

ಖಾಲಿ ಹುಟ್ಟನ್ನು ದೋಣಿಯೊಳಗೆ ಕಟ್ಟಿ ಮಲಗಿಸಿ ಒಯ್ಯುತ್ತಾರೆ. ನೆರೆಯೂರಿನವರು ಅದನ್ನು ದೂರದಿಂದಲೇ ನೋಡಿ ಲೇವಡಿ ಮಾಡುತ್ತಾರಂತೆ. ಹನ್ನೊಂದು ಹುಟ್ಟಿನ ದೋಣಿ ಒಂದು ಕಡೆಗೆ ಎಳೆಯುತ್ತದೆ, ಬಿರ್ಗಿಟ್ಟಾ ಚುಕ್ಕಾಣಿಯಿಂದ ಅದನ್ನು ತಿದ್ದುತ್ತಲೇ ಇರಬೇಕು. ಪಂದ್ಯ ಅಲ್ಲಿಗೇ ಹೋಯಿತು. ಆ ಹುಟ್ಟಿಗೆ ನೀನೇ ಫೀಕಾ ಕೊಟ್ಟುಬಿಡು, ಬೇಸರ ಮಾಡಿಕೊಳ್ಳಬೇಡ ಎಂದು ಬಿರ್ಗಿಟ್ಟಾ ನನಗೆ ಹೇಳಿದಳು. ಲೆನ್ನಾರ್ಟ್ ಮಾತ್ರ ಧಕ್ಕೆಯ ಮೇಲೆ ಕೂತು ತನ್ನ ಹುಟ್ಟಿಗೆ ಎಣ್ಣೆ ತಿಕ್ಕುತ್ತಲೇ ಇದ್ದಾನೆ.

ನಾನು ಏನನ್ನೂ ಕೇಳುತ್ತಿಲ್ಲ.

ಪಂದ್ಯ ಹದಿನಾರನೆಯ ತಾರೀಕು, ಶನಿವಾರ. ಅನ್ಯಾಳಿಗೆ ನೋಡಬೇಕೆನಿಸಬಹುದು. ಕಾರಿನಲ್ಲಾದರೆ ನೋರ್‌ತೆಲ್ಯೆ ದಾಟಿದ ಮೇಲೆ ಹಳದಿ ಇಗರ್ಜಿಯ ಬಳಿ ಬಲಕ್ಕೆ ತಿರುಗಬೇಕು. ಆಮೇಲೆ ರಸ್ತೆ ಮುಗಿಯುವವರೆಗೆ ಬಂದರೆ ಆಯಿತು. ರಸ್ತೆ ನೀರಿನಲ್ಲಿ ಮುಗಿಯುತ್ತದೆ.

ಗೀತಾ


ವೆಸ್ಟೆರಾಸ್
20 ಆಗಸ್ಟ್ 2025

ಗೀತಾ,

ಶನಿವಾರ ನಾವು ಆಡಿದ್ದು ನಾಲ್ಕೇ ಮಾತು. ಆಮೇಲೆ ನಾನು ಬಟ್ಟೆಯನ್ನೂ ಬದಲಿಸದೆ ಹೊರಟುಬಿಟ್ಟೆ. ನೀನು ಪಕ್ಕದಲ್ಲೇ ಇದ್ದೆ, ಎಲ್ಲವೂ ಗೊತ್ತು ಎಂದುಕೊಂಡಿರುತ್ತೀಯ. ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಫೀಕಾ ಕೊಡಲು ಬಂದದ್ದು. ಇದು ಸ್ಪಷ್ಟವಾಗಿರಲಿ. ರಾಜಲಕ್ಷ್ಮಿ ಶುಕ್ರವಾರ ದೊಡ್ಡ ಡಬ್ಬಿಯ ತುಂಬ ಕೇಸರಿಬಾತ್ ಮಾಡಿದಳು. ಖಾಲಿ ಹುಟ್ಟಿನ ಬಾಬ್ತು ಅದನ್ನು ಕೊಟ್ಟು, ಅನ್ಯಾಳಿಗೆ ದೋಣಿ ತೋರಿಸಿ, ಊಟದ ಹೊತ್ತಿಗೆ ತಿರುಗುವುದೆಂದು ಲೆಕ್ಕ. ಕಾಲಿಗೆ ಆಫೀಸಿನ ಬೂಟು ಹಾಕಿಕೊಂಡಿದ್ದೆ.

ದೋಣಿಮನೆಯ ಬಾಗಿಲಲ್ಲಿ ನಿನ್ನ ಬಿರ್ಗಿಟ್ಟಾ ನಿಂತಿದ್ದಳು. ನಾನು ಗೀತಾಳ ಅಣ್ಣ, ಇದು ಆ ಹುಟ್ಟಿನ ಬದಲಿಗೆ ಎಂದು ಡಬ್ಬಿ ಕೊಟ್ಟೆ. ಅವಳು ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು, ಮುಚ್ಚಳ ಸರಿಸಿ ಮೂಸಿದಳು, ಚೆನ್ನಾಗಿದೆ ಎಂದಳು. ಬಲಗೈಯಿಂದ ಗೋಡೆಗೆ ಒರಗಿಸಿದ್ದ ಹುಟ್ಟನ್ನು ತೆಗೆದು ನನಗೆ ಕೊಟ್ಟಳು. ಹಿಡಿದುಕೊಳ್ಳಿ ಎಂದಷ್ಟೇ ಹೇಳಿದ್ದು. ಬಹುಶಃ ಧಕ್ಕೆಯವರೆಗೆ ತಲುಪಿಸಲಿ ಎಂದಿರಬಹುದು. ನನಗೆ ಈಗಲೂ ಗೊತ್ತಿಲ್ಲ.

ಅದು ತಾನಾಗಿ ಹೆಗಲಿಗೆ ಹೋಯಿತು, ಗೀತಾ. ನಾನು ಯೋಚಿಸಲಿಲ್ಲ. ಎಲ್ಲಿ ಹಿಡಿದರೆ ತೂಗುತ್ತದೆ ಎಂಬುದು ಕೈಗೆ ಗೊತ್ತಿತ್ತು. ದೋಣಿಮನೆಯಿಂದ ಧಕ್ಕೆಗೆ ಹುಲ್ಲಿನ ಒಂದು ಇಳಿಜಾರು. ಅದರಲ್ಲಿ ಇಳಿದು ಬರುವಾಗ ನೀನು ದೋಣಿಯಿಂದ ತಲೆಯೆತ್ತಿ ನೋಡಿದೆ. ಹುಟ್ಟು ಹೊತ್ತುಕೊಂಡು ನಾನು ನಿನ್ನ ಕಣ್ಣೆದುರಿಗೆ ಎಷ್ಟು ಸಲ ನಡೆದಿದ್ದೇನೋ. ಯಾವಾಗಲೂ ದೋಣಿಯಿಂದ ಮನೆಗೆ. ಒಮ್ಮೆಯೂ ಈ ದಿಕ್ಕಿನಲ್ಲಿ ಅಲ್ಲ. ನಿನ್ನ ಮುಖ ನೋಡಿದ ಮೇಲೆ ಹುಟ್ಟನ್ನು ಧಕ್ಕೆಯ ಮೇಲಿಟ್ಟು ತಿರುಗುವುದು ನನ್ನಿಂದ ಆಗಲಿಲ್ಲ.

ಬೂಟು ಬಿಚ್ಚಿ ಅನ್ಯಾಳ ಕೈಗೆ ಕೊಟ್ಟೆ. ಪಪ್ಪ, ನಿಮಗೆ ತಲೆ ಕೆಟ್ಟಿದೆಯಾ ಎಂದು ಅವಳು ಸ್ವೀಡಿಷ್‌ನಲ್ಲಿ ಕೇಳಿದಳು.

ಹೆಸರು ಕೂಗುವ ಪದ್ಧತಿ ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ಹೆಸರು ಹೇಳುತ್ತ ಬಂದರು. ನನ್ನ ಸರದಿ ಬಂದಾಗ ಲೆನ್ನಾರ್ಟನ ಮನೆಯ ಹೆಸರು ಹೇಳಬೇಕಿತ್ತು ಎಂದು ಆಮೇಲೆ ತಿಳಿಯಿತು. ನಾನು "ಕೆಳಮನೆ, ಗಂಗೊಳ್ಳಿ" ಎಂದೆ. ಬಿರ್ಗಿಟ್ಟಾ ಅದನ್ನು ತಪ್ಪುತಪ್ಪಾಗಿ, ಆದರೆ ದೊಡ್ಡ ದನಿಯಲ್ಲಿ ಹೇಳಿದಳು. ಗುಡ್ಡದ ಮೇಲೆ ಬೆಂಕಿ ಎದ್ದಿತು.

ಹೋಗುವಾಗ ಎಲ್ಲವೂ ಸರಿಯಿತ್ತು. ಬೆನ್ನು ಹಾಕಿ ಕೂರುವುದರಿಂದ ದಂಡೆ ಕಣ್ಣೆದುರಿಗೇ ಇರುತ್ತದೆ. ಧ್ವಜದ ಕಂಬವನ್ನೇ ದಿಟ್ಟಿಸಿದೆ. ಹತ್ತನೆಯ ವಯಸ್ಸಿನಲ್ಲಿ ಯಾರಾದರೂ ನನ್ನನ್ನು ತಿರುಗಿಸಿ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಒಂದು ಸಿದ್ಧಾಂತವನ್ನೂ ಕಟ್ಟಿದೆ. ಪಂದ್ಯ ವಾಪಸು ತಿರುಗುವ ಬಂಡೆಯನ್ನು ಸುತ್ತಿದಾಗ ನಾವು ಮುಂದಿದ್ದೆವು. ನೆರೆಯೂರಿನ ಚುಕ್ಕಾಣಿಯವನು ಏನೋ ಕೂಗಿದ. ಬಿರ್ಗಿಟ್ಟಾ ಅದಕ್ಕಿಂತ ಕೆಟ್ಟದ್ದನ್ನು ಕೂಗಿದಳು. ನನಗೆ ನಗು ಬಂತು. ಅಷ್ಟರಲ್ಲಿ ಫಿನ್‌ಲೆಂಡಿನ ಕಡೆ ಹೋಗುವ ದೊಡ್ಡ ಹಡಗು ದೂರದಲ್ಲಿ ದಾಟಿತು. ಅದರ ಅಲೆ ನಮ್ಮನ್ನು ತಲುಪಿದಾಗ ಸಿದ್ಧಾಂತ ಮುಗಿಯಿತು.

ನಿನಗೆ ಗೊತ್ತಿಲ್ಲದ ಭಾಗ ಇದು. ನೀನು ನಿನ್ನ ಹುಟ್ಟಿನ ತುದಿಯನ್ನೇ ನೋಡುತ್ತಿದ್ದೆ. ನಾನು ಪಕ್ಕಕ್ಕೆ ಬಾಗಿ ವಾಂತಿ ಮಾಡಿದೆ. ಎದ್ದಾಗ ಎದುರಿಗೆ ಬಿರ್ಗಿಟ್ಟಾ, ಚುಕ್ಕಾಣಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ಈಗ ದೋಣಿ ತಿರುಗಿಸುತ್ತಾಳೆ ಎಂದುಕೊಂಡೆ. ಐವತ್ತರ ಹತ್ತಿರದ ಮನುಷ್ಯ, ನಾನು ಹಾಗೆ ಅಂದುಕೊಂಡೆ. ಇಳಿಸುತ್ತಾಳೆ ಎಂದು.

"ಎರಡೂ ಕೈ ಹುಟ್ಟಿನ ಮೇಲಿರಲಿ," ಎಂದಳು. "ಬಾಯಿ ನಿನ್ನಿಷ್ಟ."

ಆಗ ನೀನು ನನ್ನ ಕಡೆ ತಿರುಗದೆ, "ಎಳಿ ಅಣ್ಣಯ್ಯ, ನಿಲ್ಸ್‌ಬೇಡ" ಎಂದೆ.

ನಿಲ್ಲಿಸಲಿಲ್ಲ. ಇನ್ನೊಮ್ಮೆ ಆಯಿತು, ಆಗಲೂ ನಿಲ್ಲಿಸಲಿಲ್ಲ. ಅಂಗಿಯ ಮೇಲೆ ಬಿತ್ತು. ಎಳೆದೆ. ಅರ್ಧ ದೋಣಿಯ ಅಂತರದಲ್ಲಿ ಸೋತೆವಲ್ಲ, ಅದಕ್ಕೆ ನನ್ನ ಹುಟ್ಟು ಕಾರಣವಿರಬಹುದು, ಅಲೆಯೂ ಇರಬಹುದು. ಧಕ್ಕೆಯಲ್ಲಿ ಲೆನ್ನಾರ್ಟ್ ನೋವಿಲ್ಲದ ಭುಜದ ಕೈ ಚಾಚಿ ನನ್ನನ್ನು ಮೇಲಕ್ಕೆಳೆದ. ವಾಸನೆಗೆ ಮುಖ ತಿರುಗಿಸಲಿಲ್ಲ. ಬೆಣ್ಣೆಗಿಂತ ಇದು ಮೇಲು ಎಂದ. ಅಲ್ಲಿ ನಿಂತಿದ್ದರೆ ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯದೆ ಕಾರಿಗೆ ಹೋದೆ. ದಾರಿಯುದ್ದಕ್ಕೂ ಅನ್ಯಾ ಕಿಟಕಿಯ ಗಾಜು ಇಳಿಸಿಕೊಂಡೇ ಕೂತಿದ್ದಳು. ಮನೆ ಹತ್ತಿರ ಬಂದಾಗ, ಮುಂದಿನ ವರ್ಷ ಮಕ್ಕಳಿಗೂ ಬೆಂಚು ಇರುತ್ತದಾ ಎಂದು ಕೇಳಿದಳು.

ಅವಳು ತೆಗೆದ ವಿಡಿಯೋ ಸಂಘದ ಗುಂಪಿಗೆ ಹೋಗಿದೆ. ನಾನು ಕಳಿಸಿದ್ದಲ್ಲ. ಸೋಮವಾರ ಸಂಜೆ ಶೇಷಾದ್ರಿ ಫೋನು ಮಾಡಿದರು.

"ಸಾರ್, ಸಖತ್ತಾಗಿ ರೋ ಮಾಡಿದೀರಿ. ಎಲ್ಲಿ ಕಲಿತ್ರಿ?"

ನಾನು ನಮ್ಮೂರಿನ ಕನ್ನಡದಲ್ಲೇ ಹೇಳಿದೆ.

"ಕಲೀಲಿಲ್ಲ ಕಾಣಿ. ನಮ್ಮ ಅಪ್ಪಯ್ಯ ಪಾತಿದೋಣಿ ಮೇಲೆ ಮೀನಿಗೆ ಹೋತಿದ್ರ್. ವಾಂತಿ ಮಾಡ್ತಾ ಅಂತ ನನ್ನ ಇಳ್ಸಿದ್ರ್."

ಅವರು ನಗಲಿಲ್ಲ. ತಮಗೂ ಬಸ್ಸಿನಲ್ಲಿ ಹಾಗೇ ಆಗುತ್ತದೆ ಎಂದರು.

ಅಂಗೈ ಸುಲಿದಿದೆ. ಹಿಡಿತ ಗಟ್ಟಿಯಾಯಿತು, ಗೊತ್ತು.

ನಿನ್ನ
ಅಣ್ಣಯ್ಯ


ಸ್ಟೆನ್‌ವಿಕ್
31 ಆಗಸ್ಟ್ 2025

ಅಣ್ಣಯ್ಯ,

ನನಗೆ ಗೊತ್ತಿತ್ತು. ನಾನು ಹುಟ್ಟಿನ ತುದಿ ನೋಡುತ್ತಿರಲಿಲ್ಲ. ನೋಡುವ ಹಾಗೆ ಕೂತಿದ್ದೆ, ಅಷ್ಟೇ. ಅಪ್ಪಯ್ಯ ನಿನ್ನ ಹೆಗಲಿಗೆ ಹುಟ್ಟು ಕೊಟ್ಟು ಸುಮ್ಮನೆ ಮುಂದೆ ನಡೆಯುತ್ತಿದ್ದನಲ್ಲ, ಹಾಗೆ ಕಂಡೂ ಕಾಣದಂತಿರುವುದನ್ನು ನಾನು ನಿನ್ನ ಕಾಗದದಿಂದ ಕಲಿತೆ.

ಕೇಸರಿಬಾತ್ ಡಬ್ಬಿ ಖಾಲಿಯಾಗಿ ನನ್ನಲ್ಲಿದೆ. ಹುಟ್ಟೂ ಕೊಟ್ಟು ಫೀಕಾವನ್ನೂ ಕೊಟ್ಟವರು ಇಷ್ಟು ವರ್ಷದಲ್ಲಿ ಇದೇ ಮೊದಲು ಎಂದು ಲೆನ್ನಾರ್ಟ್ ಹೇಳುತ್ತಿದ್ದಾನೆ. ಹೆಚ್ಚುವರಿ ಪಾವತಿಯನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳಬಹುದಾ ಎಂದರೆ, ಲೆಡುಂಗಿನಲ್ಲಿ ಹಾಗೆ ಬರುವುದಿಲ್ಲವಂತೆ. ಮುಂದಿನ ವರ್ಷವೂ ಆಳೇ ಬೇಕು. ಬಿರ್ಗಿಟ್ಟಾ ನಿನ್ನ ಬೆಂಚಿನ ಕೆಳಗೆ ಈಗಲೇ ಒಂದು ಬಕೆಟ್ ಕಟ್ಟಿಸಿದ್ದಾಳೆ. ಅನ್ಯಾಳಿಗೆ ಹೇಳು, ಬೀಗ ಹಾಕಿದ ಮನೆಯವರು ಸ್ಪೇನಿನಿಂದ ಬರುವ ಹಾಗೆ ಕಾಣುತ್ತಿಲ್ಲ, ಅವರ ಸರದಿ ಖಾಲಿಯಿದೆ.

ಚಳಿಗೆ ಮುಂಚೆ ದೋಣಿಯನ್ನು ದಂಡೆಗೆ ಎಳೆದು ಮಗುಚಿ ಹಾಕಬೇಕು. ಸೆಪ್ಟೆಂಬರ್ ಇಪ್ಪತ್ತೇಳು, ಶನಿವಾರ. ಮನೆಗೊಬ್ಬರು ಬರಲೇಬೇಕು, ಇದಕ್ಕೆ ಫೀಕಾ ನಡೆಯುವುದಿಲ್ಲ. ಕೆಳಮನೆಯಿಂದ ಇಬ್ಬರು ಎಂದು ಹೇಳಿಬಿಟ್ಟಿದ್ದೇನೆ.

ನಿನ್ನ ಬೂಟಿನ ಅಳತೆ ತಿಳಿಸು. ಮೊಣಕಾಲಿನವರೆಗಿನದು ಸಾಲುವುದಿಲ್ಲ. ನೀರಿಗೆ ಸೊಂಟದವರೆಗೆ ಇಳಿಯಬೇಕು, ಇಬ್ಬರೂ.

ಗೀತಾ